ತಂತ್ರಾಂಶದ ಕಳ್ಳನಕಲನ್ನು ತಡೆಯುವಾಗ ಹಣ ಕೊಟ್ಟ ಗ್ರಾಹಕರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಅಂಗಡಿಗಳಿಗಾಗಿ ಬಿಲ್ಲಿಂಗ್ ತಂತ್ರಾಂಶ ಸಿದ್ಧಪಡಿಸಿ ಮಾರುತ್ತೇವೆ. ಒಬ್ಬರು ಕೊಂಡ ಪ್ರತಿ ಅದೇ ಬೀದಿಯ ನಾಲ್ಕು ಅಂಗಡಿಗಳಲ್ಲಿ ಕಾಣಿಸುತ್ತದೆ. ಬಿಗಿ ಮಾಡಿದರೆ ಹಣ ಕೊಟ್ಟವರಿಂದಲೇ ದೂರು ಬರುತ್ತದೆ. ಏನು ಮಾಡಬೇಕು?

ಉತ್ತರ: ಗ್ರಾಹಕರ ಕಂಪ್ಯೂಟರಿನಲ್ಲೇ ಓಡುವ ತಂತ್ರಾಂಶವನ್ನು ಯಾರೂ ಒಡೆಯಲಾಗದಂತೆ ಮಾಡಲು ಸಾಧ್ಯವಿಲ್ಲ. ಪರವಾನಗಿ ಸರಿಯಿದೆಯೇ ಎಂದು ಪರೀಕ್ಷಿಸುವ ಭಾಗವೂ ಅದೇ ಯಂತ್ರದಲ್ಲಿರುವುದರಿಂದ ಪಳಗಿದವರು ಅದನ್ನು ಹುಡುಕಿ ತಿದ್ದಬಲ್ಲರು. ನಿಮ್ಮ ಪ್ರಶ್ನೆಯನ್ನು ನೋಡಿದರೆ ನಷ್ಟ ಬರುತ್ತಿರುವುದು ಪರಿಚಯದ ಮೇಲೆ ಪೆನ್‌ಡ್ರೈವ್‌ನಲ್ಲಿ ಪ್ರತಿ ಹಂಚಿಕೊಳ್ಳುವವರಿಂದ. ಅವರನ್ನು ತಡೆಯುವುದಕ್ಕೆ ಭಾರೀ ಕೋಟೆ ಬೇಕಿಲ್ಲ.

ಕೋಟೆ ಕಟ್ಟಿದವರ ಗ್ರಾಹಕರು ಪಟ್ಟ ಪಾಡು ನಮ್ಮ ಕಣ್ಣೆದುರಿಗಿದೆ. ಕನ್ನಡ ಡಿಟಿಪಿ ಮಾಡುತ್ತಿದ್ದವರಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸದ ಹೊರತು ತಂತ್ರಾಂಶ ಓಡದಂತೆ ಮಾಡುತ್ತಿದ್ದ ‘ಲಾಕ್’ ಎಂಬ ಸಣ್ಣ ಸಾಧನ ನೆನಪಿರಬಹುದು. ಅದು ಕೆಟ್ಟರೆ ಅಥವಾ ಕಳೆದುಹೋದರೆ ಬದಲಿ ಬರುವವರೆಗೆ ಕೆಲಸ ನಿಲ್ಲುತ್ತಿತ್ತು, ಮುಂದೆ ಆ ಪೋರ್ಟೇ ಇಲ್ಲದ ಕಂಪ್ಯೂಟರುಗಳು ಬಂದಾಗ ಲಾಕ್ ಸರಿಯಿದ್ದರೂ ಸಿಕ್ಕಿಸಲು ಜಾಗವಿರಲಿಲ್ಲ. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಪರಿಶೀಲನಾ ಸರ್ವರ್ ಎಡವಿದಾಗ ಅಸಲಿ ವಿಂಡೋಸ್ ಕೊಂಡಿದ್ದ ಸಾವಿರಾರು ಜನರ ಪ್ರತಿಗಳು ನಕಲಿ ಎಂದು ಗುರುತಾದವು. ಆಟ ಆಡುವಷ್ಟು ಹೊತ್ತೂ ಇಂಟರ್‌ನೆಟ್ ಸಂಪರ್ಕ ಇರಲೇಬೇಕೆಂದು 2010ರಲ್ಲಿ ನಿಯಮ ಮಾಡಿದ, ಕಂಪ್ಯೂಟರ್ ಆಟಗಳ ಸಂಸ್ಥೆ ಯೂಬಿಸಾಫ್ಟ್‌ನ ಸರ್ವರ್‌ಗಳು ದಾಳಿಗೆ ಸಿಲುಕಿದಾಗ, ಹಣ ಕೊಟ್ಟು ಕೊಂಡವರೇ ಆಡಲಾಗದೆ ಕೂರಬೇಕಾಯಿತು.

ಹಾಗೆಂದು ತೀರ ಸಡಿಲವಾದ ಬೀಗವೂ ಪ್ರಯೋಜನಕ್ಕೆ ಬಾರದು. ಅಂಗಡಿಯಲ್ಲಿ ಮಾರುತ್ತಿದ್ದ ವಿಂಡೋಸ್ 95ರ ಸಿಡಿ ಕೀಲಿಯಲ್ಲಿ (ಅನುಸ್ಥಾಪಿಸುವಾಗ ಟೈಪ್ ಮಾಡಬೇಕಿದ್ದ ಸಂಖ್ಯೆಯಲ್ಲಿ) ಕೊನೆಯ ಏಳು ಅಂಕಿಗಳ ಮೊತ್ತ 7ರಿಂದ ಭಾಗವಾಗುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆಯಾಗಿತ್ತು. ಲೆಕ್ಕ ತಿಳಿದವರು ಬೇಕಾದಷ್ಟು ಕೀಲಿಗಳನ್ನು ತಾವೇ ಬರೆದುಕೊಳ್ಳಬಹುದಿತ್ತು.

ಇದಕ್ಕೆ ಈಗ ಇರುವ ಒಳ್ಳೆಯ ದಾರಿ ಡಿಜಿಟಲ್ ಸಹಿ. ಗ್ರಾಹಕರ ಹೆಸರು, ಆವೃತ್ತಿ, ಉಚಿತ ಅಪ್‌ಡೇಟ್ ದೊರೆಯುವ ಕೊನೆಯ ದಿನಾಂಕ ಇವನ್ನು ಒಂದು ಸಣ್ಣ ಕಡತದಲ್ಲಿ ಬರೆದು, ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ (ಗುಟ್ಟಾಗಿಡುವ ಒಂದು ದೊಡ್ಡ ಸಂಖ್ಯೆಯಿಂದ) ಅದಕ್ಕೆ ಸಹಿ ಮಾಡಿ ಕಳುಹಿಸಿ. ತಂತ್ರಾಂಶದೊಳಗೆ ಇರುವುದು ಸಹಿಯನ್ನು ತಾಳೆ ನೋಡುವ ಸಾರ್ವಜನಿಕ ಕೀಲಿ ಮಾತ್ರವಾದ್ದರಿಂದ ಅದನ್ನು ಬಗೆದು ನೋಡಿದವರಿಗೂ ಹೊಸ ಪರವಾನಗಿ ಸೃಷ್ಟಿಸಲಾಗದು. ತಾಳೆ ನೋಡಲು ಇಂಟರ್‌ನೆಟ್ಟೂ ಬೇಕಿಲ್ಲ. ಖಾಸಗಿ ಕೀಲಿಯನ್ನು ಮಾತ್ರ ದಿನದ ಕೆಲಸದ ಕಂಪ್ಯೂಟರಿನಲ್ಲಿ ಇಡಬೇಡಿ.

ನಿಮ್ಮದು ಬಿಲ್ಲಿಂಗ್ ತಂತ್ರಾಂಶವಾಗಿರುವುದು ನಿಮಗೆ ದೊಡ್ಡ ಅನುಕೂಲ. ಅಂಗಡಿಯ ಹೆಸರನ್ನೂ ಅದರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನೂ ಸಹಿ ಮಾಡಿದ ಕಡತದಲ್ಲೇ ಸೇರಿಸಿ, ಬಿಲ್ಲಿನ ತಲೆಬರಹ ಅಲ್ಲಿಂದಲೇ ಮುದ್ರಣವಾಗುವಂತೆ ಮಾಡಿ. ಆಗ ಪಕ್ಕದ ಅಂಗಡಿಯವರು ಪ್ರತಿ ಮಾಡಿಕೊಂಡರೂ ಅವರ ಬಿಲ್ಲಿನ ಮೇಲೆ ಬರುವುದು ಇನ್ನೊಬ್ಬರ ಹೆಸರು, ಇನ್ನೊಬ್ಬರ ಜಿಎಸ್‌ಟಿ ಸಂಖ್ಯೆ. ಅಂಥ ಬಿಲ್ಲನ್ನು ಯಾವ ವ್ಯಾಪಾರಿಯೂ ಗಿರಾಕಿಯ ಕೈಗೆ ಕೊಡಲಾರರು, ತಮ್ಮ ಸಂಖ್ಯೆಯನ್ನು ಬೇರೆಯವರು ಬಳಸಲೆಂದು ಕೊಂಡವರೂ ಬಿಟ್ಟುಕೊಡಲಾರರು. ಪ್ರಾಮಾಣಿಕ ಗ್ರಾಹಕರಿಗಂತೂ ಇಲ್ಲೊಂದು ತಡೆ ಇದೆಯೆಂಬುದೇ ಅರಿವಿಗೆ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ತಡೆ ಇರಬೇಕಾದ ರೀತಿ ಇದು.

ಇದರ ಜೊತೆಗೆ ಪರವಾನಗಿಯನ್ನು ಒಂದು ಯಂತ್ರಕ್ಕೆ ಕಟ್ಟಲೇಬೇಕೆಂದಿದ್ದರೆ ಕೈ ಸಡಿಲವಿರಲಿ. ಹಾರ್ಡ್‌ಡಿಸ್ಕ್ ಬದಲಾಗುತ್ತದೆ, ನೆಟ್‌ವರ್ಕ್ ಕಾರ್ಡ್ ಬದಲಾಗುತ್ತದೆ. ಹಲವು ಗುರುತುಗಳನ್ನು ನೋಡಿ, ಬಹುಪಾಲು ಹೊಂದಿದರೆ ಸಾಕು ಎನ್ನಿ. ಅವಧಿ ಮುಗಿಯದಂತೆ ಮಾಡಲು ಕೆಲವರು ಕಂಪ್ಯೂಟರಿನ ದಿನಾಂಕವನ್ನು ಹಿಂದೆ ಸರಿಸುವುದುಂಟು, ಆದರೂ ದಿನಾಂಕ ಹಿಂದೆ ಸರಿದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬೇಡಿ, ಏಕೆಂದರೆ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ಬ್ಯಾಟರಿ ಸತ್ತರೆ ಪ್ರತಿ ಬೆಳಿಗ್ಗೆ ಗಡಿಯಾರ ತಾನಾಗಿಯೇ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಪ್ರೋಗ್ರಾಮನ್ನು ಸುರುಳಿಸುತ್ತಿ ಮರೆಮಾಚುವ ಪ್ಯಾಕರ್‌ಗಳನ್ನು ಬಳಸಿದರೆ ಆಂಟಿವೈರಸ್ ಅದನ್ನೇ ವೈರಸ್ಸೆಂದು ತಿಳಿಯುವುದೂ ಉಂಟು.

ಪರೀಕ್ಷೆಯಲ್ಲಿ ತಪ್ಪಿದಾಗ ಏನಾಗಬೇಕೆಂಬುದನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ನಿರ್ಧರಿಸಿ. ಶನಿವಾರ ಸಂಜೆಯ ವ್ಯಾಪಾರದ ನಡುವೆ ಪರದೆ ಮುಚ್ಚಿಬಿಟ್ಟರೆ ಆ ಗ್ರಾಹಕರು ನಿಮ್ಮನ್ನು ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಮೂವತ್ತು ದಿನ ಎಚ್ಚರಿಕೆ ತೋರಿಸಿ, ಅನಂತರವೂ ಸರಿಯಾಗದಿದ್ದರೆ ಹೊಸ ಬಿಲ್ ಮಾಡುವುದನ್ನಷ್ಟೇ ನಿಲ್ಲಿಸಿ. ಹಳೆಯ ಲೆಕ್ಕವನ್ನು ನೋಡುವುದು, ಮುದ್ರಿಸುವುದು, ಹೊರತೆಗೆಯುವುದು ಎಂದೆಂದಿಗೂ ನಡೆಯುತ್ತಿರಲಿ. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಆ ಲೆಕ್ಕ ಅವರದು. ಅದರ ಮೇಲೆ ಬೀಗ ಹಾಕುವ ಹಕ್ಕು ನಮಗಿಲ್ಲ.

ಗೊತ್ತಿದ್ದೂ ಕಳ್ಳಪ್ರತಿ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ಶಿಕ್ಷೆಯಿದೆ. ಆದರೆ ಸಣ್ಣ ಸಂಸ್ಥೆಯೊಂದು ಬೀದಿಯ ಅಂಗಡಿಗಳ ಮೇಲೆ ದಾವೆ ಹೂಡುವುದಕ್ಕಿಂತ ಎರಡನೆಯ ಅಂಗಡಿಗೆ ರಿಯಾಯಿತಿ ದರ ಇಡುವುದರಿಂದ ಹೆಚ್ಚು ಹಣ ಬಂದೀತು.

ಮುಂದೊಂದು ದಿನ ನೀವು ಸಂಸ್ಥೆಯನ್ನು ಮುಚ್ಚಬೇಕಾಗಬಹುದು. 2012ರ ಡಿಸೆಂಬರ್‌ನಲ್ಲಿ ಅಡೋಬಿ ಸಂಸ್ಥೆ ಫೋಟೋಶಾಪ್ ಮೊದಲಾದವುಗಳಿದ್ದ ತನ್ನ ಸಿಎಸ್2 ಸರಣಿಯ ಸಕ್ರಿಯಗೊಳಿಸುವ ಸರ್ವರ್ ನಿಲ್ಲಿಸಿದಾಗ, ಸರ್ವರ್‌ನ ಹಂಗಿಲ್ಲದೆ ನಡೆಯುವ ಪ್ರತಿಯನ್ನೂ ಅದರ ಕೀಲಿಯನ್ನೂ ಹಳೆಯ ಗ್ರಾಹಕರಿಗೆ ಒದಗಿಸಿತು. ಯಂತ್ರದ ಗುರುತನ್ನೂ ಅವಧಿಯನ್ನೂ ಕೇಳದ ಅಂಥದೊಂದು ಕೊನೆಯ ಆವೃತ್ತಿಯನ್ನು ಇಂದೇ ಸಿದ್ಧಪಡಿಸಿ, ಅದನ್ನು ಗ್ರಾಹಕರಿಗೆ ತಲುಪಿಸುವ ಹೊಣೆ ಯಾರದೆಂಬುದನ್ನು ಮಾರಾಟದ ಕರಾರಿನಲ್ಲೇ ಬರೆದಿಡಿ.