ಸಿಮಿಸ್ತ್ರಿಯ ಸುಣ್ಣ

ಅಕ್ಟೋಬರ್ ಕೊನೆಯ ವಾರ ಮಂಗಳೂರಿನ ಹಳೆಯ ಸಿಮಿಸ್ತ್ರಿಗಳ ಗೇಟು ದಾಟಿದರೆ ಮೊದಲು ಮೂಗಿಗೆ ಬರುವುದು ಹಸಿ ಸುಣ್ಣದ ವಾಸನೆ. ನವೆಂಬರ್ 2 ಕ್ರೈಸ್ತರಿಗೆ ಸಮಸ್ತ ಮೃತರ ದಿನ. ಅಷ್ಟರೊಳಗೆ ಹುಲ್ಲು ಕಿತ್ತು, ನಾಲ್ಕು ತಿಂಗಳ ಮಳೆಗೆ ಕಪ್ಪಾದ ಗೋರಿಗಳನ್ನು ತಿಕ್ಕಿ, ಬಿಳಿ ಬಳಿದು ಮುಗಿಸಬೇಕು. ಸಿಮಿಸ್ತ್ರಿ ಎಂದರೆ ಸ್ಮಶಾನ. ಪೋರ್ಚುಗೀಸರ ಪದವೊಂದು ಕೊಂಕಣಿಯ ಬಾಯಲ್ಲಿ ಸವೆದು ಸಿಕ್ಕಿದ ಹೆಸರು ಅದು.

ಅಂಥ ಒಂದು ಮಧ್ಯಾಹ್ನ ನೆರೆಮನೆಯ ಬಾಯಮ್ಮನ ಜೊತೆ ಹೂ ಹಿಡಿದುಕೊಂಡು ಹೋಗಿದ್ದೆ. ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗ ಅಮೃತಶಿಲೆಯ ಹಲಗೆಯ ಮೇಲೆ ಕಕ್ಕಸು ತೊಳೆಯುವ ಆಸಿಡ್ ಸುರಿದ. ಬುಸ್ಸೆಂದು ನೊರೆ ಎದ್ದಿತು, ಕಲ್ಲು ಹಾಲಿನಂತೆ ಬೆಳ್ಳಗಾಯಿತು. ಆಚೆ ಸುಣ್ಣ ಬಳಿಯುತ್ತಿದ್ದ ಮುದುಕರು ಬ್ರಷ್ ಕೆಳಗಿಟ್ಟು, "ಹಾಗೆ ಮಾಡಬೇಡ ಮಾರಾಯಾ, ಕಲ್ಲು ಬೆಳ್ಳಗಾಗ್ತದೆ, ಹೆಸರು ಹೋಗ್ತದೆ" ಎಂದರು. ರಸಾಯನಶಾಸ್ತ್ರದ ಒಂದು ಪಾಠ ಪೂರ್ತಿಯಾಗಿ ಆ ಮಾತಿನಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ನನಗೆ ತುಸು ಸಮಯ ಬೇಕಾಯಿತು.

ಈ ಊರಿನ ಕ್ರೈಸ್ತ ಗೋರಿಗಳ ಕಥೆ ಹಂಪನಕಟ್ಟೆಯಿಂದ ಶುರು ಮಾಡುವುದು ಒಳ್ಳೆಯದು. ಅಪ್ಪಣ್ಣ ಎಂಬೊಬ್ಬರು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ ಅದು ಎಂದು ಜನ ಹೇಳುತ್ತಾರೆ. ಅಲ್ಲಿ 1680ರಲ್ಲಿ ಗೋವಾ ಮೂಲದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದರು. ಮೊದಲ ಚರ್ಚು ನಿಂತಿದ್ದ ಜಾಗದಲ್ಲೇ ಇಂದಿನ ಸ್ಮಶಾನ ಇದೆ. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಚರ್ಚು ನೆಲಸಮವಾಯಿತು. 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಕಟ್ಟಿಕೊಂಡರು. ಆಮೇಲೆ 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಬಂದಿಳಿದರು, 1843ರಲ್ಲಿ ಇಂಗ್ಲಿಷರು ಸೇಂಟ್ ಪಾಲ್ಸ್ ಚರ್ಚು ಕಟ್ಟಿದರು. ಒಬ್ಬೊಬ್ಬರೂ ತಮ್ಮ ಸತ್ತವರನ್ನು ತಮ್ಮ ರೀತಿಯಲ್ಲಿ ಹೂಳಿದರು, ತಮಗೆ ಹಿಡಿಸಿದ ಕಲ್ಲು ನೆಟ್ಟರು. ಮಳೆ ಮಾತ್ರ ಎಲ್ಲರಿಗೂ ಒಂದೇ: ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು.

ಇಲ್ಲಿಯ ಕಲ್ಲು ಎಂದರೆ ಮುರಕಲ್ಲು. ಗೋರಿಯ ಕಟ್ಟೆ, ಆವರಣದ ಗೋಡೆ, ಗುಂಡಿಯ ಬದಿ, ಎಲ್ಲ ಅದೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದನ್ನು ನೋಡಿದ. ಸ್ಥಳೀಯರು 'ಇಟ್ಟಿಗೆ ಕಲ್ಲು' ಎನ್ನುತ್ತಿದ್ದರು. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ 'ಲೇಟರ್'. ಹಾಗಾಗಿ 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಇದನ್ನು 'ಲ್ಯಾಟರೈಟ್' ಎಂದು ಕರೆದ. ಇಡೀ ಜಗತ್ತು ಇಂದು ಬಳಸುವ ಈ ಹೆಸರು ನಮ್ಮ ಕರಾವಳಿಯ ಮಾತಿನ ಅನುವಾದವೆಂದು ಭೂವಿಜ್ಞಾನದ ವಿದ್ಯಾರ್ಥಿಗಳಿಗೂ ಎಷ್ಟೋ ಸಲ ನೆನಪಿರುವುದಿಲ್ಲ.

ಮುರಕಲ್ಲು ಹುಟ್ಟಿದ್ದೇ ಮಳೆಯಿಂದ. ಲಕ್ಷಾಂತರ ವರ್ಷ ಬಿಸಿಲು-ಮಳೆಗೆ ಸಿಕ್ಕ ಬಂಡೆಯಿಂದ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲು ಕರಗಿ ಹೋಗುತ್ತವೆ, ಬಳಿಕ ಸಿಲಿಕಾದ ಬಹುಪಾಲೂ ಹೋಗುತ್ತದೆ. ಕರಗಲು ಒಪ್ಪದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು, ಒಂದಿಷ್ಟು ಜೇಡಿ, ಇಷ್ಟು ಉಳಿಯುತ್ತದೆ. ನೆಲದೊಳಗೆ ಹಸಿಯಾಗಿರುವಾಗ ಪಿಕ್ಕಾಸಿಗೆ ಸಲೀಸಾಗಿ ಸಿಗುವ ಇದು ಹೊರಗೆ ತೆಗೆದು ಒಣಗಿಸಿದರೆ ಗಟ್ಟಿಯಾಗುತ್ತದೆ. ಕಬ್ಬಿಣದ ಸಂಯುಕ್ತಗಳು ನೀರು ಕಳೆದುಕೊಂಡು ಹರಳುಗಟ್ಟುವುದೇ ಕಾರಣ. ಮಳೆ ತಿಂದು ಬಿಟ್ಟದ್ದೇ ಮುರಕಲ್ಲಾದ್ದರಿಂದ ಮಳೆಗೆ ಅದರಲ್ಲಿ ಕರಗಿಸಲು ಹೆಚ್ಚೇನೂ ಉಳಿದಿಲ್ಲ. ಮೂಡುಬಿದಿರೆಯ ಹತ್ತಿರ ಕೊಡಂಗಲ್ಲಿನ ಜೈನ ಸಮಾಧಿಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಇನ್ನೂ ನಿಂತಿರುವುದಕ್ಕೆ ಈ ಗುಣವೂ ಒಂದು ಕಾರಣ.

ಆದರೆ ಮುರಕಲ್ಲಿನ ಮೈತುಂಬ ತೂತು. ಅದರ ಮೇಲೆ ಅಕ್ಷರ ಕೂರುವುದಿಲ್ಲ. ಹೆಸರು ಬೇಕೆಂದವರು ಬೇರೆ ಕಲ್ಲು ತರಿಸಬೇಕಿತ್ತು. ಗ್ರಾನೈಟ್ ಜಾತಿಯ ಕಲ್ಲಾದರೆ ಚಿಂತೆಯಿಲ್ಲ, 1432ರಿಂದ ಮಳೆಯಲ್ಲಿ ನೆನೆಯುತ್ತಿರುವ ಕಾರ್ಕಳದ ಗೊಮ್ಮಟನೇ ಸಾಕ್ಷಿ. ಆದರೆ ಅದನ್ನು ಕೆತ್ತುವುದು ಕಷ್ಟ. ಅಮೃತಶಿಲೆ ಮೃದು, ನುಣುಪು, ನೋಡಲು ಚೆಂದ. ಅನುಕೂಲಸ್ಥರು ಅದನ್ನೇ ಆರಿಸಿದರು. ಈ ನೆಲಕ್ಕೆ ಅದಕ್ಕಿಂತ ಕೆಟ್ಟ ಆಯ್ಕೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹೊಗೆ ಸೋಕದ ಮಳೆನೀರೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಆಮ್ಲೀಯವಾಗಿರುತ್ತದೆ, ಪಿಎಚ್ ಸುಮಾರು 5.6. ಅಂಥ ಒಂದು ಲೀಟರ್ ನೀರು ಸಾಕಷ್ಟು ಹೊತ್ತು ನಿಂತರೆ ಸುಮಾರು 50 ಮಿಲಿಗ್ರಾಂ ಅಮೃತಶಿಲೆಯನ್ನು ಕರಗಿಸಿಕೊಳ್ಳಬಲ್ಲದು. ಒಂದು ಚದರ ಮೀಟರ್ ಹಲಗೆಯ ಮೇಲೆ ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು 3,500 ಲೀಟರ್. ಗುಣಿಸಿದರೆ 175 ಗ್ರಾಂ ಕಲ್ಲು. ಹಲಗೆಯ ದಪ್ಪದಲ್ಲಿ ಅದು 0.065 ಮಿಲಿಮೀಟರ್, ನೂರು ವರ್ಷಕ್ಕೆ ಆರೂವರೆ ಮಿಲಿಮೀಟರ್. ನಿಜದಲ್ಲಿ ನೀರು ಅಷ್ಟು ಹೊತ್ತು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ; ಆದ್ದರಿಂದ ಇದು ಗರಿಷ್ಠ ಮಿತಿಯ ಲೆಕ್ಕ. ಅರ್ಧವೆಂದೇ ಇಟ್ಟುಕೊಳ್ಳಿ. ಕೊರೆದ ಅಕ್ಷರ ಎರಡು-ಮೂರು ಮಿಲಿಮೀಟರ್ ಆಳವಿದ್ದರೆ ಹೆಚ್ಚು. ಅಂಚು ದುಂಡಗಾಗಿ, ತಳ ತೇಲಿ ಬಂದು, ಮೊಮ್ಮಕ್ಕಳ ಕಾಲಕ್ಕೆ ಅಜ್ಜನ ಹೆಸರು ಬೆರಳಿಗೆ ಮಾತ್ರ ತಿಳಿಯುವಂತಾಗುತ್ತದೆ.

ಗೋರಿಕಲ್ಲನ್ನು ಹೀಗೆ ಅಳೆಯುವ ಯೋಚನೆ ಹೊಸದಲ್ಲ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ 1880ರಲ್ಲಿ ಎಡಿನ್‌ಬರೋದ ಸ್ಮಶಾನಗಳನ್ನು ಸುತ್ತಿ, ಕಲ್ಲು ಎಷ್ಟು ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂದು ಬರೆದಿಟ್ಟ. ಕಲ್ಲಿನ ಮೇಲೇ ಇಸವಿ ಇರುತ್ತದಲ್ಲ, ಪ್ರಯೋಗ ಶುರುವಾದ ದಿನವನ್ನು ಯಾರೋ ಆಗಲೇ ಕೆತ್ತಿಟ್ಟಿದ್ದಾರೆ! ಅಲ್ಲಿ ಅಮೃತಶಿಲೆ ಒಂದು ಶತಮಾನವೂ ತಾಳುವುದಿಲ್ಲ ಎಂದು ಅವನಿಗೆ ಕಂಡಿತು. ಅಲ್ಲಿ ಕಲ್ಲಿದ್ದಲ ಹೊಗೆ ಇತ್ತು, ಹಿಮವೂ ಇತ್ತು. ನಮ್ಮಲ್ಲಿ ಅವೆರಡರ ಬದಲು ಐದು ಪಟ್ಟು ಮಳೆ ಉಂಟು.

ಕೆಲವು ಹಲಗೆಗಳಲ್ಲಿ ಅಕ್ಷರ ಕೊರೆದು ಸೀಸ ತುಂಬಿರುತ್ತಾರೆ. ನೆಟ್ಟ ದಿನ ಸೀಸವೂ ಕಲ್ಲೂ ಒಂದೇ ಮಟ್ಟ. ಸೀಸ ಸುಲಭಕ್ಕೆ ಕರಗದು, ಕಲ್ಲು ಕರಗಿ ಕೆಳಗಿಳಿಯುತ್ತದೆ. ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಆ ಉಬ್ಬಿನ ಎತ್ತರವನ್ನು ವರ್ಷಗಳಿಂದ ಭಾಗಿಸಿದರೆ ಸವೆತದ ವೇಗ ಸಿಗುತ್ತದೆ. ಒಂದು ಸಣ್ಣ ಕ್ಯಾಲಿಪರ್ ಇದ್ದರೆ ಕಾಲೇಜು ಹುಡುಗರೂ ಮಾಡಬಹುದಾದ ಕೆಲಸ. ಆಸಿಡ್ ಸುರಿದ ಆ ಹುಡುಗ ಅದೇ ಸವೆತವನ್ನು ಐದು ನಿಮಿಷಕ್ಕೆ ಇಳಿಸಿದ್ದ. ನೊರೆಯಾಗಿ ಎದ್ದದ್ದು ಕಲ್ಲಿನೊಳಗಿದ್ದ ಇಂಗಾಲದ ಡೈಆಕ್ಸೈಡ್.

ಅವನು ತೊಳೆಯಲು ಹೊರಟ ಕಪ್ಪು ಜೀವಂತ ಪದರ. ಸಯನೋಬ್ಯಾಕ್ಟೀರಿಯಾ, ಪಾಚಿ, ಶಿಲೀಂಧ್ರ, ಇವೆಲ್ಲ ಸೇರಿ ಬೇಸಗೆಯಿಡೀ ಒಣಗಿ ಮಲಗಿದ್ದು ಮೊದಲ ಮಳೆಗೆ ಏಳುತ್ತವೆ. ಜೊತೆಗೆ ಬೂದು ಬಣ್ಣದ ಚಕ್ಕೆ ಚಕ್ಕೆ ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನದೇ ಬಳಗ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವಿ ಆಕ್ಸಾಲಿಕ್ ಆಮ್ಲ ಒಸರಿಸಿ ಕಲ್ಲಿನೊಳಗೆ ಎಳೆ ಇಳಿಸುತ್ತದೆ. ಆಸ್ಟ್ರಿಯಾದ ರೋಲಂಡ್ ಬೆಶೆಲ್ 1950ರಲ್ಲಿ ಕಲ್ಲುಹೂವಿನ ಅಗಲ ನೋಡಿ ಬಂಡೆ ಎಷ್ಟು ಕಾಲದಿಂದ ಬಯಲಿಗೆ ಬಿದ್ದಿದೆ ಎಂದು ಹೇಳುವ ವಿಧಾನವನ್ನು ರೂಪಿಸಿದ. ಇಸವಿ ಇರುವ ಗೋರಿಕಲ್ಲುಗಳು ಆ ಗಡಿಯಾರಕ್ಕೆ ಅಳತೆಗೋಲು. ನಮ್ಮ ಸಿಮಿಸ್ತ್ರಿಗಳಲ್ಲಿ ಅದು ನಡೆಯುವುದಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಸುಣ್ಣದ ಬ್ರಷ್ ಗಡಿಯಾರವನ್ನು ಸೊನ್ನೆಗೆ ತಿರುಗಿಸುತ್ತದೆ!

ಆ ಸುಣ್ಣವೇ ನನಗೆ ಅತ್ಯಂತ ಕುತೂಹಲದ ವಸ್ತು. ಹಿಂದೆ ಕರಾವಳಿಯಲ್ಲಿ ಮರುವಾಯಿಯಂಥ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯ ಬಡ ನೆಂಟ. ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ನೀರು ಹಾಕಿದರೆ ಅರಳುತ್ತದೆ, ಗೋಡೆಗೆ ಬಳಿದರೆ ಗಾಳಿಯಿಂದ ಕಳೆದದ್ದನ್ನು ಮತ್ತೆ ಹೀರಿ ಕಾರ್ಬೊನೇಟ್ ಆಗುತ್ತದೆ. ಅರಳಿದ ಹೊಸ ಸುಣ್ಣ ಎಷ್ಟು ಕ್ಷಾರವೆಂದರೆ ಪಾಚಿ ಸಾಯುತ್ತದೆ. ಒಣಗಿದ ಮೇಲೆ ಅದು ಗಾರೆಯ ಮೇಲಿನ ತೆಳು ಹೊದಿಕೆ. ಮುಂದಿನ ಮಳೆಯ ಆಮ್ಲ ಮೊದಲು ಹೊದಿಕೆಯನ್ನು ತಿನ್ನುತ್ತದೆ, ಗೋರಿ ಉಳಿಯುತ್ತದೆ. ಮುಂದಿನ ವರ್ಷ ಮತ್ತೊಂದು ಕೋಟು. ಅಮೃತಶಿಲೆಗೆ ಯಾರೂ ಸುಣ್ಣ ಬಳಿಯುವುದಿಲ್ಲ, ಹೆಸರು ಮುಚ್ಚಿ ಹೋಗುತ್ತದಲ್ಲ. ಹೀಗಾಗಿ ಬಡವರ ಸುಣ್ಣದ ಗೋರಿ ನೆಟ್ಟಗಿರುತ್ತದೆ, ಪಕ್ಕದ ದುಬಾರಿ ಹಲಗೆ ಸವೆಯುತ್ತದೆ. ಈಚೆಗೆ ಸುಣ್ಣದ ಬದಲು ಪ್ಲಾಸ್ಟಿಕ್ ಪೈಂಟು, ಗಾರೆಯ ಬದಲು ಸಿಮೆಂಟು ಬಂದಿವೆ. ಮುರಕಲ್ಲು ಕುಡಿದ ನೀರು ಹೊರಬರಲು ದಾರಿಯಿಲ್ಲದೆ ಅದು ಪೈಂಟನ್ನು ಹಪ್ಪಳದಂತೆ ಎಬ್ಬಿಸುತ್ತದೆ.

ಮಣ್ಣಿನೊಳಗೂ ಕ್ಯಾಲ್ಸಿಯಮ್ಮಿನದೇ ಕಥೆ. ಎಲುಬಿನ ಗಟ್ಟಿತನ ಕ್ಯಾಲ್ಸಿಯಂ ಫಾಸ್ಫೇಟಿನಿಂದ ಬಂದದ್ದು, ಅದೂ ಆಮ್ಲಕ್ಕೆ ಕರಗುತ್ತದೆ. ನಮ್ಮ ಕೆಂಪು ಮಣ್ಣು ಆಮ್ಲೀಯ, ನೀರು ಬೇಗ ಬಸಿದು ಗಾಳಿಯೂ ಆಡುತ್ತದೆ. "ಕಡಲ ಬದಿಯ ಹೊಯ್ಗೆಯಲ್ಲಿ ಎಲುಬು ಇರ್ತದೆ, ಇಲ್ಲಿ ಇರುವುದಿಲ್ಲ" ಎಂದರು ಮುದುಕರು. ಚಿಪ್ಪಿನ ಚೂರುಗಳಿರುವ ಮರಳು ಆಮ್ಲವನ್ನು ತಣಿಸುತ್ತದೆ, ಆದ್ದರಿಂದ ಅವರ ಮಾತು ಸರಿ. ಕಾಲರಾ ಕಾಲದಲ್ಲಿ ಹೆಣ ಬೇಗ ಕರಗಲಿ ಎಂದು ಗುಂಡಿಗೆ ಸುಣ್ಣ ಸುರಿಯುವ ಪದ್ಧತಿ ಹಲವು ದೇಶಗಳಲ್ಲಿತ್ತು. ಹಂದಿಗಳ ಕಳೇಬರ ಹೂತು ಈ ಶತಮಾನದಲ್ಲಿ ಮಾಡಿದ ಪ್ರಯೋಗಗಳು ತೋರಿಸಿದ್ದು ಉಲ್ಟಾ: ಸುಣ್ಣ ಕೊಳೆಯುವುದನ್ನು ನಿಧಾನಿಸುತ್ತದೆ.

"ಪೊರ್ಬುಗಳೇ, ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದು ಮುದುಕರನ್ನು ಕೇಳಿದೆ. ಅವರು ನಕ್ಕು ಒಂದು ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದರು. ಒಳಗೆ ಸೀಸದ ಅಕ್ಷರಗಳು, ಹತ್ತಿಪ್ಪತ್ತು. ಒಂದು 'ಎಂ', ಎರಡು 'ಎ', ಬಾಗಿದ ಒಂದು '8'. ಕಲ್ಲು ಸವೆದು ಕಳಚಿ ಹುಲ್ಲಿನಲ್ಲಿ ಸಿಕ್ಕಿದವು. "ಯಾರದ್ದೆಂದು ಗೊತ್ತಿಲ್ಲ. ಬಿಸಾಡಲಿಕ್ಕೆ ಮನಸ್ಸಾಗುವುದಿಲ್ಲ" ಎಂದು ಮುಚ್ಚಳ ಹಾಕಿ, ಸುಣ್ಣದ ಬಾಲ್ದಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದರು.