ಆಂಪ್ ಯಾರ ಕಿವಿಗೆ?

ಜೂನ್ ತಿಂಗಳ ಸಂಜೆ, ಜೋರು ಮಳೆ. ಬೆನ್ನಿಗೆ ಗಿಟಾರ್ ಬ್ಯಾಗ್ ಏರಿಸಿಕೊಂಡ ಹುಡುಗನೊಬ್ಬ ಅಂಗಡಿಗೆ ಬಂದವನೇ ರೈನ್‌ಕೋಟ್ ಬಿಚ್ಚುವ ಮೊದಲೇ ಕೇಳಿದ: "ಸರ್, 100 ವ್ಯಾಟ್‌ನ ಆಂಪ್ ಉಂಟಾ?"

"ಎಂತಕ್ಕೆ?"

"ಮನೆಯಲ್ಲಿ ಪ್ರಾಕ್ಟೀಸಿಗೆ. ಆದಿತ್ಯವಾರ ಇಗರ್ಜಿಯಲ್ಲಿ ಕೊಯರಿಗೂ ಅದೇ ಆಗ್ಬೇಕು."

"ಮನೆ?"

"ಕದ್ರಿಯಲ್ಲಿ ಫ್ಲ್ಯಾಟ್, ಮೂರನೇ ಮಾಳಿಗೆ. ಅಜ್ಜಿ ಇದ್ದಾರೆ, ಬೇಗ ಮಲಗ್ತಾರೆ."

ಮಂಗಳೂರಿನಲ್ಲಿ ಆಂಪ್, ಅಂದರೆ ಗಿಟಾರಿನ ಸದ್ದು ಏರಿಸಿ ಕೇಳಿಸುವ ಆಂಪ್ಲಿಫೈಯರ್ ಪೆಟ್ಟಿಗೆಗಳ ರಿಪೇರಿ, ಸೌಂಡಿನ ಕೆಲಸ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರ ಲೆಕ್ಕ ಇಟ್ಟಿಲ್ಲ. ವ್ಯಾಟ್ ಕೇಳುತ್ತಾರೆ, ಬ್ರ್ಯಾಂಡ್ ಕೇಳುತ್ತಾರೆ, ಕಂತು ಉಂಟಾ ಅಂತ ಕೇಳುತ್ತಾರೆ. ಆಂಪ್ ಯಾರ ಕಿವಿಗೆ ಕೇಳಿಸಬೇಕು ಅನ್ನುವುದನ್ನು ಯೋಚಿಸಿ ಬಂದವರು ಕಡಿಮೆ. ಮನೆಯಲ್ಲಿ ಅದು ನಿಮ್ಮೊಬ್ಬರ ಕಿವಿಗೆ. ಅಜ್ಜಿಯ ಕಿವಿಗೆ ಬೀಳಕೂಡದು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೊಯರಿನ ಹಾಡುಗಾರರ ನಡುವೆ? ಸಭೆಗೆ ಕೇಳಿಸಲು ಅಲ್ಲಿ ಕಂಬಕಂಬಕ್ಕೂ ಸ್ಪೀಕರ್ ಇದೆ, ಒಂದು ಮೂಲೆಯಲ್ಲಿ ಎಲ್ಲರ ಸದ್ದನ್ನು ಕೂಡಿಸಿ ಆ ಸ್ಪೀಕರುಗಳಿಗೆ ಕಳಿಸುವ ಮಿಕ್ಸರ್ ಇದೆ. ಅಂದರೆ ಅಲ್ಲಿಯೂ ಆಂಪ್ ಬೇಕಿರುವುದು ನುಡಿಸುವವನಿಗೆ ಮತ್ತು ಪಕ್ಕದಲ್ಲಿ ನಿಂತು ಹಾಡುವ ಇಬ್ಬರಿಗೆ. ಹೀಗೆ ನೋಡಿದರೆ ಎರಡು ಜಾಗಕ್ಕೂ ಒಂದೇ ಸಣ್ಣ ಆಂಪ್ ಸಾಕಾಗುತ್ತದೆ. ಆದರೆ ಅದು ಸರಿಯಾದ ಸಣ್ಣ ಆಂಪ್ ಆಗಿರಬೇಕು.

ಮೊದಲು ಈ ವ್ಯಾಟ್ ಎಂಬ ಭೂತ ಬಿಡಿಸೋಣ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಅಂದರೆ ಸ್ವಲ್ಪ ಜಾಸ್ತಿ ಆಯಿತೇನೋ ಅನ್ನಿಸುವಷ್ಟು. ನಮ್ಮ ಕಿವಿಗೆ "ಎರಡರಷ್ಟಾಯಿತು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 10 ವ್ಯಾಟಿನದ್ದನ್ನು ಬಿಟ್ಟು 100 ವ್ಯಾಟಿನದ್ದು ತಂದವನು ಕೊಂಡದ್ದು ಅಷ್ಟೇ. ಅದರ ಮೇಲೆ ಸ್ಪೀಕರಿನ ಗುಣ ಬೇರೆ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 97 ಡೆಸಿಬಲ್ ಕೊಡುವ ಸ್ಪೀಕರ್ 10 ವ್ಯಾಟಿನಲ್ಲಿ ಎಷ್ಟು ಕೂಗುತ್ತದೋ, 87 ಡೆಸಿಬಲ್‌ನ ಸ್ಪೀಕರ್ ಅಷ್ಟು ಕೂಗಲು 100 ವ್ಯಾಟ್ ತಿನ್ನುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ವ್ಯಾಟ್. ಸ್ಪೀಕರಿನ ಈ ಅಂಕಿ ಹಿಡಿಯಲು ಕಂಪನಿಯ ಸ್ಪೆಸಿಫಿಕೇಶನ್ ಹಾಳೆ ಹುಡುಕಬೇಕು.

ಇನ್ನು ಮನೆಯ ವಿಷಯ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಒಂದು ಸಂಗತಿಯನ್ನು ಅಳೆದು ತೋರಿಸಿದರು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ, ತೀರಾ ಮೇಲಿನವೂ ಅಷ್ಟೇ. ಇದು ಗಿಟಾರಿಸ್ಟನ ಬದುಕಿನಲ್ಲಿ ಹೇಗೆ ಆಡುತ್ತದೆ ಅಂದರೆ: ರಾತ್ರಿ ಹತ್ತಕ್ಕೆ ಸಣ್ಣ ಸದ್ದಿನಲ್ಲಿ ಕೂತು ಟೋನ್ ಮಾಡುತ್ತೀರಿ, ತುಂಬಿಕೊಂಡ ಹಾಗೆ ಕೇಳಲಿ ಅಂತ ತಗ್ಗು ಸ್ವರದ ಬಾಸ್ ನಾಬ್ ಏರಿಸುತ್ತೀರಿ, ಮೇಲಿನ ಸ್ವರದ ಟ್ರೆಬಲ್ ಏರಿಸುತ್ತೀರಿ, ನಡುವಿನ ಸ್ವರದ ಮಿಡ್ ಇಳಿಸುತ್ತೀರಿ. ಆಹಾ ಅನ್ನಿಸುತ್ತದೆ. ಅದೇ ಸೆಟ್ಟಿಂಗನ್ನು ಆದಿತ್ಯವಾರ ಬೆಳಿಗ್ಗೆ ಜೋರಾಗಿ ಹಾಕಿದರೆ ಕೆಳಗಡೆ ಗುಂಯ್ ಗುಂಯ್, ಮೇಲ್ಗಡೆ ಚುಚ್ಚುವ ಸದ್ದು, ನಡುವೆ ಗಿಟಾರೇ ಕಾಣೆ. ಗಿಟಾರ್ ಬದುಕಿರುವುದೇ ಮಿಡ್‌ನಲ್ಲಿ ಮಾರಾಯ್ರೆ. ಹಾಗಾಗಿ ಎರಡು ಸೆಟ್ಟಿಂಗ್ ಉಳಿಸಿಡಲು ಬರುವ ಆಂಪ್ ಆದರೆ ಒಳ್ಳೆಯದು: ಒಂದು ಕೋಣೆಗೆ, ಇನ್ನೊಂದು ಇಗರ್ಜಿಗೆ. ಎರಡನೆಯದನ್ನು ಇಗರ್ಜಿಯಲ್ಲೇ ನಿಂತು ಮಾಡಿ.

ಮನೆಗೆ ಈಗ ಬರುತ್ತಿರುವ, ಬೇರೆ ಬೇರೆ ಆಂಪಿನ ಸದ್ದನ್ನು ಚಿಪ್ಪಿನಲ್ಲಿ ನಕಲು ಮಾಡುವ ಡಿಜಿಟಲ್ ಮಾಡೆಲಿಂಗ್ ಆಂಪ್‌ಗಳ ಬಗ್ಗೆ ನನಗೆ ತಕರಾರಿಲ್ಲ. ಹಳೆಯ ನಮೂನೆಯ ಆಂಪಿನ ಗಾಜಿನ ವಾಲ್ವ್ ಬಿಸಿಯಾಗದೆ ಸಂಗೀತವೇ ಇಲ್ಲ ಅನ್ನುವ ಗೆಳೆಯರಿದ್ದಾರೆ. ಅವರ ಆಂಪ್ ರಿಪೇರಿ ಮಾಡಿಯೇ ನಾನು ಮನೆ ನಡೆಸುವುದು, ಅದು ಬೇರೆ ಮಾತು. ಯಮಹಾದ ಟಿಎಚ್‌ಆರ್ ಸಾಲಿನವು ಮೇಜಿನ ಮೇಲೆ ಕೂರುವಂಥವು, ಸಣ್ಣ ಸದ್ದಿನಲ್ಲೇ ಚೆನ್ನಾಗಿ ಕೇಳಲೆಂದು ಮಾಡಿದವು. ಬಾಸ್ (Boss) ಕಂಪನಿಯ ಕಟಾನಾ 50ರಲ್ಲಿ ಅರ್ಧ ವ್ಯಾಟ್, 25, 50 ಅಂತ ಶಕ್ತಿ ಬದಲಿಸುವ ಸ್ವಿಚ್ ಇದೆ. ಅರ್ಧ ವ್ಯಾಟ್ ಅಂದರೆ ನಗಬೇಡಿ, ಮಲಗುವ ಕೋಣೆಗೆ ಅದೇ ಜಾಸ್ತಿ. ಹೆಡ್‌ಫೋನ್ ತೂತು ಇರಲೇಬೇಕು, ತಂತಿಯ ಹೆಡ್‌ಫೋನೇ ಹಾಕಿ. ಫೋನಿಗೆ ಬಳಸುವ ಬ್ಲೂಟೂತ್ ಇಯರ್‌ಬಡ್ ಹಾಕಿದರೆ ತಂತಿ ಮೀಟಿದ್ದು ಒಂದು ಕ್ಷಣ, ಕೇಳುವುದು ಇನ್ನೊಂದು ಕ್ಷಣ. ತಾಳ ಕಲಿಯುವವನಿಗೆ ಅದು ವಿಷ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ಬ್ಯಾಗ್ ಬಿಚ್ಚಲು ಹೇಳಿದೆ. ಒಳಗಿದ್ದದ್ದು ಅಕೌಸ್ಟಿಕ್ ಗಿಟಾರ್! ತಂತಿಗಳು ಕೂರುವ ಬ್ರಿಡ್ಜಿನ ಕೆಳಗೆ ಕಂಪನ ಹಿಡಿಯುವ ಪೀಜೋ ಪಿಕಪ್, ಬದಿಯಲ್ಲಿ ಆ ಸಣ್ಣ ಸಿಗ್ನಲನ್ನು ಏರಿಸುವ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್. ನಮ್ಮ ಕಡೆಯ ಕೊಯರುಗಳಲ್ಲಿ ಹೆಚ್ಚಾಗಿ ಇದೇ. ಅವನು ಕೇಳಿದ್ದು ಎಲೆಕ್ಟ್ರಿಕ್ ಗಿಟಾರಿನ ಆಂಪ್. ಇವೆರಡರ ಜಾತಿಯೇ ಬೇರೆ. ಎಲೆಕ್ಟ್ರಿಕ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟುತ್ತಿದ್ದಂತೆ ಬಾಗಿಲು ಹಾಕಿಕೊಳ್ಳುತ್ತದೆ. ಬೇಕೆಂದೇ ಸದ್ದು ಒಡೆಸುವ ಡಿಸ್ಟಾರ್ಶನ್‌ನ ಕರ್ಕಶವನ್ನು ಕತ್ತರಿಸಲು ಅದು ಬೇಕು ಕೂಡ. ಅಕೌಸ್ಟಿಕ್ ಗಿಟಾರಿನ ಉಗುರಿನ ಸದ್ದು, ತಂತಿಯ ಮಿನುಗು ಇರುವುದೇ ಅದರಾಚೆ. ಅದಕ್ಕೆ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಸಣ್ಣ ಸ್ಪೀಕರ್ ಇರುವ ಅಕೌಸ್ಟಿಕ್ ಆಂಪ್ ಬೇಕು. ಅದರಲ್ಲಿ ಸಾಮಾನ್ಯವಾಗಿ ಒಂದು ಮೈಕ್ ಚಾನೆಲ್ಲೂ ಇರುತ್ತದೆ, ವಾಳೆಯ (ಇಗರ್ಜಿಯ ವಾರ್ಡಿನ) ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹಾಡಬಹುದು. ರೋಲ್ಯಾಂಡಿನ ಎಸಿ-33 ಅಂಥದ್ದು. ಕರೆಂಟಿನಲ್ಲಿ 30 ವ್ಯಾಟ್. ಎಂಟು ಪೆನ್ಸಿಲ್ ಸೆಲ್ ಹಾಕಿದರೆ 20 ವ್ಯಾಟಿಗೆ ಇಳಿದರೂ ಓಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೀಬೋರ್ಡಿನವನು ಸುಮ್ಮನೆ ಕೂತಿರುವಾಗ ನೀವು ನುಡಿಸುತ್ತಿರಬಹುದು.

ಅಕೌಸ್ಟಿಕ್‌ನವರ ಶತ್ರು ಫೀಡ್‌ಬ್ಯಾಕ್. ಗಿಟಾರಿನ ಹೊಟ್ಟೆ ಒಂದು ಮಡಕೆ ಇದ್ದ ಹಾಗೆ, ಅದಕ್ಕೆ ತನ್ನದೇ ಸ್ವರವೊಂದಿದೆ. ದೊಡ್ಡ ಗಾತ್ರದ ಗಿಟಾರುಗಳಲ್ಲಿ ಅದು ಸುಮಾರು 100 ಹರ್ಟ್ಸ್ ಆಸುಪಾಸು ಇರುತ್ತದೆ. ಆಂಪಿನಿಂದ ಆ ಸ್ವರ ಬಂದು ಹೊಟ್ಟೆಗೆ ಬಡಿದರೆ ಅದು ಮತ್ತೆ ಪಿಕಪ್ಪಿಗೆ, ಪಿಕಪ್ಪಿನಿಂದ ಮತ್ತೆ ಆಂಪಿಗೆ. ಎರಡೇ ಸೆಕೆಂಡಿನಲ್ಲಿ ಹಡಗಿನ ಸೈರನ್. ಇದಕ್ಕೆ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ. ಗಿಟಾರಿನ ಬಾಯಿಗೆ ಹಾಕುವ ರಬ್ಬರ್ ಮುಚ್ಚಳ ಸಿಗುತ್ತದೆ, ಮುಕ್ಕಾಲು ಪಾಲು ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಆಂಪಿನಲ್ಲಿ ಆ ಒಂದು ಸ್ವರವನ್ನಷ್ಟೇ ತಗ್ಗಿಸುವ ನಾಚ್ ಅಥವಾ ಸದ್ದಿನ ಅಲೆಯನ್ನು ತಿರುಗಿಸುವ ಫೇಸ್ ಬಟನ್ ಇದ್ದರೆ ಇನ್ನೂ ಒಳ್ಳೆಯದು.

ಎಲೆಕ್ಟ್ರಿಕ್ ನುಡಿಸುವವರ ಕಥೆ ಬೇರೆ. ಸ್ತುತಿ ಆರಾಧನೆಯ ತಂಡಗಳಲ್ಲಿ ಈಗ ಎಲ್ಲರಿಗೂ ಬೇಕಿರುವ ಸದ್ದು ಒಂದೇ, ವೋಕ್ಸ್ ಎಸಿ30ಯ ಗಂಟೆಯಂಥ ಮಿಣುಗು ಮತ್ತು ಅದರ ಹಿಂದೆ ಓಡುವ ಡಿಲೇ, ಅಂದರೆ ತುಸು ತಡವಾಗಿ ಮರಳಿ ಕೇಳುವ ಅದೇ ಸ್ವರ. ಎಸಿ30 1950ರ ದಶಕದ ಕೊನೆಯ ಇಂಗ್ಲಿಷ್ ಆಂಪ್, ಸುಮಾರು 30 ವ್ಯಾಟ್. ವಾಲ್ವ್‌ನ 30 ವ್ಯಾಟ್ ಅಂದರೆ ನಮ್ಮ ಬಹುತೇಕ ಇಗರ್ಜಿಗಳಲ್ಲಿ ಮೂರು ಬೆಂಚು ಖಾಲಿ ಮಾಡಿಸುವಷ್ಟು. ಅದರ ಸೊಗಸು ಬರುವುದು ವಾಲ್ಯೂಮ್ ಏರಿಸಿದ ಮೇಲೆ, ಏರಿಸಲು ಫಾದರ್ ಬಿಡುವುದಿಲ್ಲ. ಅಸಲಿ ಆಂಪ್ ತಂದು ವಾಲ್ಯೂಮ್ ನಾಬನ್ನು ಒಂದರಲ್ಲೇ ಇಡುವುದಕ್ಕಿಂತ ಅದರ ನಕಲು ಇರುವ ಮಾಡೆಲಿಂಗ್ ಆಂಪ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇನ್ನು ಡಿಲೇ. ಆ ಕುದುರೆ ಓಟದ ನಡಿಗೆ ಬರುವುದು ಒಂದು ತಾಳದ ಮುಕ್ಕಾಲು ಭಾಗಕ್ಕೆ ಡಿಲೇ ಇಟ್ಟಾಗ. ಹಾಡು ನಿಮಿಷಕ್ಕೆ 72 ತಾಳದ್ದಾದರೆ ನಿಮಿಷದ 60,000 ಮಿಲಿಸೆಕೆಂಡನ್ನು 72ರಿಂದ ಭಾಗಿಸಿ ಮುಕ್ಕಾಲು ತೆಗೆಯಿರಿ: 625 ಮಿಲಿಸೆಕೆಂಡ್. ತಾಳಕ್ಕೆ ತಕ್ಕಂತೆ ತಟ್ಟಿದರೆ ಸಾಕಾಗುವ ಟ್ಯಾಪ್ ಬಟನ್ ಇದ್ದರೆ ಈ ಗಣಿತವೂ ಬೇಡ. ರಿವರ್ಬ್, ಅಂದರೆ ದೊಡ್ಡ ಕಟ್ಟಡದ ಅನುರಣನೆಯ ನಕಲು, ಅದನ್ನು ಮಾತ್ರ ಇಗರ್ಜಿಯಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿ. ಕಲ್ಲಿನ ಗೋಡೆ, ಎತ್ತರದ ಛಾವಣಿ ಇರುವ ಹಳೆಯ ಕಟ್ಟಡಗಳು ಅದನ್ನು ಪುಕ್ಕಟೆ ಕೊಡುತ್ತವೆ, ಬೇಡವೆಂದರೂ ಕೊಡುತ್ತವೆ.

ಆಂಪ್ ಎಲ್ಲಿಡುತ್ತೀರಿ ಅನ್ನುವುದು ಯಾವ ಆಂಪ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. 12 ಇಂಚಿನ ಸ್ಪೀಕರಿನ ಚೂಪು ಸದ್ದು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ನೆಲದ ಮೇಲೆ ಬೆನ್ನ ಹಿಂದೆ ಇಟ್ಟರೆ ಅದು ನಿಮ್ಮ ಮೊಣಕಾಲ ನಡುವೆ ನುಸುಳಿ ಮುಂದಿನ ಬೆಂಚಿನ ಅಜ್ಜನ ಕಿವಿಗೆ ಹೋಗಿ ಕೂರುತ್ತದೆ. ನಿಮಗೆ ಕೇಳದು, ನೀವು ಏರಿಸುತ್ತೀರಿ. ಅಜ್ಜ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗುತ್ತಾರೆ. ಇಂಥ ಎಷ್ಟೋ ಜಗಳಗಳನ್ನು ಒಂದು ಪ್ಲಾಸ್ಟಿಕ್ ಸ್ಟೂಲಿನಿಂದ ಬಿಡಿಸಿದ್ದೇನೆ. ಆಂಪನ್ನು ಸ್ಟೂಲಿಗೆ ಏರಿಸಿ, ಮುಂದೆ ಒಂದು ಮರದ ತುಂಡು ಕೊಟ್ಟು ಮುಖ ಮೇಲಕ್ಕೆ ಮಾಡಿ, ಬದಿಯಿಂದ ನಿಮ್ಮತ್ತ ತಿರುಗಿಸಿ. ತಾನಾಗಿಯೇ ನೀವು ವಾಲ್ಯೂಮ್ ಇಳಿಸುತ್ತೀರಿ.

ಸಭೆಗೆ ಹೋಗಬೇಕಾದ ಸದ್ದು ಮಿಕ್ಸರಿನ ದಾರಿ ಹಿಡಿಯಲಿ. ಇದಕ್ಕೆಂದೇ ಆಂಪಿನ ಹಿಂಭಾಗ ನೋಡಿ ಕೊಳ್ಳಿ ಅನ್ನುವುದು ನಾನು. ಮಿಕ್ಸರಿಗೆ ನೇರ ಸಿಗ್ನಲ್ ಕೊಡುವ ಲೈನ್ ಔಟ್ ಅಥವಾ ಡಿಐ ಔಟ್ ಇದೆಯೇ? ಎಲೆಕ್ಟ್ರಿಕ್ ಆಂಪಾದರೆ ಅದರಲ್ಲಿ ಸ್ಪೀಕರಿನ ಗುಣವನ್ನು ನಕಲು ಮಾಡುವ ಸ್ಪೀಕರ್ ಸಿಮ್ಯುಲೇಶನ್ ಇದೆಯೇ? ಇಲ್ಲದೆ ಡಿಸ್ಟಾರ್ಶನ್ ಕಳಿಸಿದರೆ ಡಬ್ಬದೊಳಗೆ ಜೇನುನೊಣ ಬಿಟ್ಟ ಹಾಗೆ ಕೇಳುತ್ತದೆ. ಏನೂ ಇಲ್ಲದ ಆಂಪ್ ಆದರೆ ಎದುರಿಗೊಂದು ಮೈಕ್ ಇಡಬಹುದು. 1965ರಿಂದ ಮಾರಾಟದಲ್ಲಿರುವ ಶೂರ್ ಎಸ್‌ಎಂ57ಗೆ ಈ ಕೆಲಸ ಕರಗತ. ಅಕೌಸ್ಟಿಕ್‌ನವರು ಗಿಟಾರಿನ ಸಿಗ್ನಲನ್ನು ದೂರದ ಮಿಕ್ಸರಿಗೆ ತಕ್ಕಂತೆ ಮಾಡಿ ಕಳಿಸುವ ಒಂದು ಡಿಐ ಬಾಕ್ಸ್ ಇಟ್ಟುಕೊಳ್ಳಿ. ಮಿಕ್ಸರ್ ದೂರವಿದೆ ಅಂತ ಗಿಟಾರಿನ ಮಾಮೂಲಿ ಕೇಬಲನ್ನೇ ಹದಿನೈದು ಮೀಟರ್ ಎಳೆದರೆ ದಾರಿಯುದ್ದಕ್ಕೂ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು ಹೀರಿಕೊಂಡು ಹೋಗುತ್ತದೆ. ಮತ್ತೆ ಒಂದು ಮಾತು: ಸ್ಪೀಕರ್ ಔಟ್ ಎಂದು ಬರೆದ ತೂತಿನಿಂದ ಮಿಕ್ಸರಿಗೆ ವಯರ್ ಕೊಡಬೇಡಿ. ವಾಲ್ವ್ ಆಂಪಿನಲ್ಲಿ ಸ್ಪೀಕರ್ ತೆಗೆದು ಹೀಗೆ ಮಾಡಿದವನೊಬ್ಬ ಮಿಕ್ಸರಿನ ಚಾನೆಲ್ಲನ್ನೂ ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟಿದ್ದ. ಸುಟ್ಟ ವಾರ್ನಿಷಿನ ವಾಸನೆ ಎರಡು ದಿನ ಅಂಗಡಿಯಲ್ಲಿತ್ತು.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗದರುವ ಮನುಷ್ಯ. ಒಂದು ಸಣ್ಣ ಪ್ರಾರ್ಥನಾಲಯದಲ್ಲಿ ಹಾಡುವ ಹುಡುಗಿಗೆ ಮೈಕ್ ತುಟಿಗೆ ತಾಗಿದಾಗಲೆಲ್ಲ ಚುರ್ ಅನ್ನುತ್ತಿತ್ತು, ಅದೂ ಕೈ ಗಿಟಾರಿನ ತಂತಿಯ ಮೇಲಿದ್ದಾಗ ಮಾತ್ರ. ಮೈಕ್ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು. ನಾನು ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದೆ: 110 ವೋಲ್ಟಿನ ಹತ್ತಿರ ಕುಣಿಯುತ್ತಿತ್ತು. ಗಿಟಾರಿನ ತಂತಿಗಳು ಒಳಗಿಂದೊಳಗೆ ಆಂಪಿನ ಅರ್ಥ್‌ಗೆ ಸೇರಿರುತ್ತವೆ. ಆಂಪ್ ಇದ್ದದ್ದು ಒಂದು ಹಳೆ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ. ನೋಡಲು ಮೂರು ತೂತು, ಬಿಚ್ಚಿದರೆ ಒಳಗೆ ಎರಡೇ ವಯರ್. ಅರ್ಥ್‌ಗೆಂದಿರುವ ಮೇಲಿನ ದಪ್ಪ ತೂತು ಬರೀ ಅಲಂಕಾರ. ಮೂರು ವಯರಿನ ಬಾಕ್ಸ್ ಹಾಕಿ, ಆಂಪ್ ಮತ್ತು ಮಿಕ್ಸರ್ ಎರಡನ್ನೂ ಅದರಿಂದಲೇ ಕೊಟ್ಟ ಮೇಲೆ ಶಾಕೂ ಹೋಯಿತು, ಇಷ್ಟು ದಿನ ಗಿಟಾರ್ ಪಿಕಪ್ಪಿನ ದೋಷ ಅಂದುಕೊಂಡಿದ್ದ ಹಮ್ಮೂ ಹೋಯಿತು. ಆ ಸಲ ಸೋರಿದ್ದು ಚುರ್ ಅನ್ನಿಸುವಷ್ಟೇ ಕರೆಂಟ್. ಎಲ್ಲ ಸಲವೂ ಅಷ್ಟಕ್ಕೇ ನಿಲ್ಲುವುದಿಲ್ಲ. ಹಮ್ ಕಡಿಮೆಯಾಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಪರದೇಶದಿಂದ ಬರುವ ಆಂಪ್‌ಗಳದ್ದು ಇನ್ನೊಂದು ಗೋಳು. ದುಬೈಯಿಂದ ಮಾವ ತಂದದ್ದಾದರೆ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ, ಪ್ಲಗ್ ಮಾತ್ರ ಚಪ್ಪಟೆ ಮೂರು ಪಿನ್ನಿನದು. ಅಗ್ಗದ ಅಡಾಪ್ಟರ್ ಸಿಕ್ಕಿಸದೆ ಒಳ್ಳೆಯ ಭಾರತೀಯ ಪ್ಲಗ್ ಹಾಕಿಸಿಕೊಳ್ಳಿ. ಅಮೆರಿಕದಿಂದ ಬಂದದ್ದರ ಹಿಂದೆ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣವೇ ಕಥೆ ಮುಗಿಯಿತು. ಪುಣ್ಯವಿದ್ದರೆ ಫ್ಯೂಸ್ ಮಾತ್ರ ಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರುವಾಗ ಆಂಪಿನ 15 ವ್ಯಾಟ್ ನೋಡಿ ತರಬೇಡಿ. 15 ವ್ಯಾಟ್ ಹೊರಕೊಡುವ ವಾಲ್ವ್ ಆಂಪ್ ಗೋಡೆಯಿಂದ ಎಳೆಯುವುದು ಅದರ ಹಲವು ಪಟ್ಟು. ಹಿಂದಿನ ಫಲಕದಲ್ಲಿ ಬರೆದಿರುತ್ತದೆ, ಅದಕ್ಕಿಂತ ಧಾರಾಳವಾಗಿ ತನ್ನಿ. ವಾಲ್ವ್ ಆಂಪನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನೊಳಗೆ ನೂರಾರು ವೋಲ್ಟ್ ಕೂತಿರಬಹುದು.

ಕರಾವಳಿಯವರಿಗೊಂದು ಕಿವಿಮಾತು. ಮಳೆಗಾಲದಲ್ಲಿ ಆಂಪನ್ನು ಇಗರ್ಜಿಯ ಸಿಮೆಂಟು ನೆಲದ ಮೇಲೆ ಬಿಟ್ಟು ಬರಬೇಡಿ. ಜ್ಯಾಕ್ ಹಸಿರುಗಟ್ಟುತ್ತದೆ, ನಾಬ್ ತಿರುಗಿಸಿದರೆ ಕರಕರ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಟ್ಟರೆ ಒಳಗಿನ ತೇವ ಬಿಡುತ್ತದೆ. ಹಿಂದೆ ತೆರೆದಿರುವ ಕ್ಯಾಬಿನೆಟ್ಟಿನಲ್ಲಿ ಹಲ್ಲಿ ಸಂಸಾರ ಹೂಡುವುದು ತಮಾಷೆಯ ಮಾತಲ್ಲ. ಮೊಟ್ಟೆಗಳನ್ನು ನಾನೇ ತೆಗೆದಿದ್ದೇನೆ.

ಆ ಹುಡುಗನಿಗೆ ಅವತ್ತು ನಾನು ಏನನ್ನೂ ಮಾರಲಿಲ್ಲ. ಶನಿವಾರ ಕೊಯರ್ ಪ್ರಾಕ್ಟೀಸ್ ಇದೆಯೆಂದ. ಅಂಗಡಿಯಲ್ಲಿದ್ದ 30 ವ್ಯಾಟಿನ ಸೆಕೆಂಡ್‌ಹ್ಯಾಂಡ್ ಅಕೌಸ್ಟಿಕ್ ಆಂಪ್, ಒಂದು ಡಿಐ ಬಾಕ್ಸ್ ಹಿಡಿದುಕೊಂಡು ಸ್ಕೂಟರಿನಲ್ಲಿ ನಾನೂ ಹೋದೆ. ಆಂಪನ್ನು ಕುರ್ಚಿಯ ಮೇಲಿಟ್ಟು ಅವನತ್ತ ತಿರುಗಿಸಿ ವಾಲ್ಯೂಮ್ ಮೂರಕ್ಕೆ ನಿಲ್ಲಿಸಿದೆ. ಡಿಐಯಿಂದ ಮಿಕ್ಸರಿಗೆ ಕೊಟ್ಟು ನಾನು ಕೊನೆಯ ಬೆಂಚಿಗೆ ಹೋಗಿ ಕೂತೆ. ಎರಡು ಹಾಡು ಮುಗಿಯುವಷ್ಟರಲ್ಲಿ ಹುಡುಗ ಎದ್ದು, ಮೂರರಲ್ಲಿದ್ದ ನಾಬನ್ನು ಎರಡಕ್ಕೆ ಇಳಿಸಿದ. ಅಲ್ಲಿಂದಲೇ ಕೂಗಿ ಕೇಳಿದ: "ಸರ್, ಇದಕ್ಕೆ ಎಷ್ಟು?"