ಲಿವರ್‌ನಲ್ಲಿ ಕಡಿಮೆಯಾದ ಮೈಕ್ರೋಆರ್‌ಎನ್‌ಎಯನ್ನು ಇಂಜೆಕ್ಷನ್ ಆಗಿ ಕೊಡಬಹುದಲ್ವಾ?

ಪ್ರಶ್ನೆ: ಲಿವರ್ ಕ್ಯಾನ್ಸರ್ ಇರುವವರಲ್ಲಿ ಮೈಕ್ರೋಆರ್‌ಎನ್‌ಎ ಅನ್ನೋದು ಕಡಿಮೆ ಇರುತ್ತೆ ಅಂತ ಓದಿದೆ. ಕಬ್ಬಿಣದ ಅಂಶ ಕಡಿಮೆಯಾದ್ರೆ ಮಾತ್ರೆ ಕೊಡ್ತಾರಲ್ಲ, ಹಾಗೆ ಇದನ್ನೂ ಕೊಡೋಕೆ ಆಗಲ್ವಾ?

ಉತ್ತರ: ಕೊಟ್ಟು ನೋಡಿದ್ದಾರೆ. ಆ ಕಥೆಗೆ ಆಮೇಲೆ ಬರೋಣ.

ಜೀನ್‌ನಲ್ಲಿ ಇರುವುದು ಪ್ರೋಟೀನ್ ಆಗಬೇಕಾದರೆ ನಡುವೆ ಒಂದು ಚೀಟಿ ಬೇಕು. ಹೋಟೆಲಿನಲ್ಲಿ ಆರ್ಡರ್ ಬರೆದು ಅಡುಗೆಮನೆಗೆ ಕಳಿಸ್ತಾರಲ್ಲ, ಅಂಥದ್ದು. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರ ಉದ್ದದ ಪುಟ್ಟ ತುಣುಕು. ತನಗೆ ಹೊಂದುವ ಚೀಟಿಗೆ ಅಂಟಿಕೊಂಡು ಆ ಆರ್ಡರನ್ನು ತಡೆಯುತ್ತದೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಸಿಕ್ಕ ವಿಷಯ ಇದು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಇದಕ್ಕಾಗಿ ನೊಬೆಲ್ ಬಂದದ್ದು 2024ರಲ್ಲಿ!

ಲಿವರ್‌ನಲ್ಲಿ ದರ್ಬಾರು ಮಿರ್-122 ಎಂಬ ಮೈಕ್ರೋಆರ್‌ಎನ್‌ಎಯದ್ದು (ಮಿರ್ ಅಂದರೆ ಮೈಕ್ರೋಆರ್‌ಎನ್‌ಎಯ ಚುಟುಕು ಹೆಸರು). ಅಲ್ಲಿರುವ ಒಟ್ಟು ಮೈಕ್ರೋಆರ್‌ಎನ್‌ಎಯಲ್ಲಿ ಸುಮಾರು 70% ಅದೊಂದೇ. ಅನೇಕ ಗಡ್ಡೆಗಳಲ್ಲಿ ಕುಸಿದಿರುವುದೂ ಇದೇ. ಕುಸಿದದ್ದು ಕಾರಣವೋ, ಬರೀ ಲಕ್ಷಣವೋ? 2012ರಲ್ಲಿ ಮಿರ್-122 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮೊದಲು ಲಿವರ್‌ನಲ್ಲಿ ಕೊಬ್ಬು ತುಂಬಿತು, ಉರಿಯೂತ ಬಂತು, ಲಿವರ್ ಗಟ್ಟಿಯಾಯಿತು, ಕೊನೆಗೆ ಗಡ್ಡೆ. ಕುಡಿತವಿಲ್ಲ, ಹೆಪಟೈಟಿಸ್ ವೈರಸ್ ಇಲ್ಲ. ಅದೊಂದು ಇಲ್ಲದ್ದೇ ಸಾಕಾಯಿತು.

ಹರಡುವುದರಲ್ಲೂ ಇದರ ಪಾತ್ರವಿದೆ. ಲಿವರ್ ಕ್ಯಾನ್ಸರ್ ಎಷ್ಟೋ ಸಲ ಮೊದಲು ಲಿವರ್‌ನ ಒಳಗೇ ಬೇರೆ ಜಾಗಕ್ಕೆ ಹಬ್ಬುತ್ತದೆ. ಕೋಶಗಳ ಈ ಅಲೆದಾಟಕ್ಕೆ ನೆರವಾಗುವ ಆಡಮ್-17 ಎಂಬ ಪ್ರೋಟೀನಿನ ಚೀಟಿಯನ್ನು ಮಿರ್-122 ತಡೆದಿಟ್ಟಿರುತ್ತದೆ. ಅದು ಕಡಿಮೆಯಾದರೆ ತಡೆಯುವವರಿಲ್ಲ.

ಆದರೆ ಎಲ್ಲವೂ ಕಡಿಮೆಯಾಗುವುದಿಲ್ಲ. ಮಿರ್-21 ಗಡ್ಡೆಯಲ್ಲಿ ಜಾಸ್ತಿಯಾಗಿ, ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಪ್ರೋಟೀನನ್ನೇ ತಗ್ಗಿಸುತ್ತದೆ. ಇನ್ನೊಂದು ತಮಾಷೆ ನೋಡಿ: ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡುವ ಹೆಪಟೈಟಿಸ್ ಸಿ ವೈರಸ್ ತನ್ನ ಸಂತಾನ ಬೆಳೆಸಲು ಮಿರ್-122ನ್ನೇ ಆಶ್ರಯಿಸುತ್ತದೆ! ಕಾವಲುಗಾರನೇ ಕಳ್ಳನಿಗೆ ಊಟ ಹಾಕಿದಂತೆ. ಹಾಗಿರುವಾಗ ಸುಮ್ನೆ ಇಷ್ಟು ಮಿಲಿಗ್ರಾಂ ಹಾಕಿ ಅನ್ನೋಕೆ ಆಗಲ್ಲ.

ಈಗ ನಿಮ್ಮ ಇಂಜೆಕ್ಷನ್. 2009ರಲ್ಲಿ ಮಿರ್-26ಎ ಕೊಟ್ಟು ಇಲಿಗಳ ಲಿವರ್ ಗಡ್ಡೆಯನ್ನು ತಡೆದಿದ್ದರು. ಮನುಷ್ಯರಲ್ಲಿ 2013ರಿಂದ ಪ್ರಯೋಗಿಸಿದ್ದು ಮಿರ್-34ಎ ಎಂಬ ಇನ್ನೊಂದನ್ನು. ಅದರ ನಕಲನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿ ರಕ್ತಕ್ಕೆ ಬಿಟ್ಟರು. ಔಷಧದ ಹೆಸರು ಎಂಆರ್‌ಎಕ್ಸ್34. ಕೆಲವರ ಗಡ್ಡೆ ಕುಗ್ಗಿತು. ಆದರೆ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕೆರಳಿತು, ಸಾವುಗಳೂ ಆದವು. 2016ರಲ್ಲಿ ಪ್ರಯೋಗ ನಿಲ್ಲಿಸಿದರು.

ಕಬ್ಬಿಣದ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇರೋದು. ಒಂದು ಮೈಕ್ರೋಆರ್‌ಎನ್‌ಎ ನೂರಾರು ಚೀಟಿಗಳಿಗೆ ಕೈ ಹಾಕುತ್ತದೆ. ಗಡ್ಡೆಗೆಂದು ಕೊಟ್ಟದ್ದು ರಕ್ತದ ಕಣಗಳಿಗೂ ಹೋಗಿ, ಅಲ್ಲಿಯ ಚೀಟಿಗಳನ್ನೂ ತಡೆಯಬಹುದು. ಹಾಗಾಗಿ ಲಿವರ್ ಕ್ಯಾನ್ಸರ್‌ಗೆ ಇಂಥ ಔಷಧ ಸದ್ಯಕ್ಕೆ ಆಸ್ಪತ್ರೆಯಲ್ಲಿ ಸಿಗುವುದಿಲ್ಲ.